ನೀಲವ್ವನ ಒಂದೇ ದನಿ

ಡಾಕ್ಟರ್ ಅನಸೂಯಾ ಕಟ್ಟಿ ಆ ಮಧ್ಯಾಹ್ನ ತಾವೇ ಕಾರು ಓಡಿಸಿಕೊಂಡು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಕಾರ್ಖಾನೆಗೆ ಬಂದರು. ಆಸ್ಪತ್ರೆಯ ಬಿಳಿ ಕೋಟು ಇನ್ನೂ ಮೈಮೇಲಿತ್ತು. ಕೈಯಲ್ಲಿ ಅರ್ಧ ಖಾಲಿಯಾದ ಹಸಿರು ಪೊಟ್ಟಣ, ಅದರ ಮೇಲೆ ನಗುವ ಹೆಂಗಸಿನ ಮುಖ, ಕೆಳಗೆ ‘ನೀಲವ್ವನ ತುತ್ತು’ ಎಂಬ ಹೆಸರು. ಸಜ್ಜೆ, ಹೆಸರುಬೇಳೆಗಳನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಕೂಸುಗಳ ಹಿಟ್ಟು ಅದು. ಹುಬ್ಬಳ್ಳಿಯಿಂದ ಕಲಬುರಗಿಯವರೆಗೆ ಹಲ್ಲು ಬರುವ ಕೂಸುಗಳಿದ್ದ ಮನೆಗಳಲ್ಲೆಲ್ಲ ಅದು ಇರುತ್ತಿತ್ತು.

ಗಿರಣಿಯ ಬಾಗಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ನೀಲಾಂಬಿಕಾ ಬಳಿಗಾರರನ್ನು ಡಾಕ್ಟರು ಒಂದು ಗಳಿಗೆ ಗುರುತಿಸಲಿಲ್ಲ. ಪೊಟ್ಟಣದ ಮೇಲಿನ ಮುಖಕ್ಕೂ ಈ ನರೆಗೂದಲಿನ ಹೆಂಗಸಿಗೂ ಅಷ್ಟು ಅಂತರವಿತ್ತು.

“ಮುಂಜಾನಿಂದ ನಿಮ್ಮ ಕಂಪನಿಗೆ ಮೆಸೇಜ್ ಬರದೂ ಬರದೂ ಸಾಕಾತ್ರಿ,” ಎಂದರು ಡಾಕ್ಟರು. “ಪ್ರತಿ ಸಲ ನೀವಽ ಉತ್ತರಾ ಕೊಟ್ರಿ. ಅದಕ್ಕ ಖುದ್ದ ಬಂದೆ.”

“ನಾನು? ನಾ ಮುಂಜಾನಿಂದ ಇಲ್ಲೇ ಗಿರಣಿ ಒಳಗ ಇದ್ದೇನ್ರಿ.”

ಡಾಕ್ಟರು ತಮ್ಮ ಫೋನನ್ನು ಅವರ ಮುಂದೆ ಹಿಡಿದರು. ಮೂರು ಕೂಸುಗಳು ಜ್ವರ ಬಂದು, ಮೈ ಕೆಂಪಗಾಗಿ, ಕಣ್ಣಿನ ಪಾಪೆ ಹಿಗ್ಗಿ ಆಸ್ಪತ್ರೆಗೆ ಬಂದಿವೆ, ಮೂರೂ ನಿಮ್ಮ ಹಿಟ್ಟು ತಿಂದಿವೆ, ಕೂಡಲೇ ಮಾರಾಟ ನಿಲ್ಲಿಸಿ ಎಂದು ಅವರು ಬರೆದಿದ್ದರು. ಅದರ ಕೆಳಗೆ ನೀಲಾಂಬಿಕಾರದೇ ಮುಖ, ಅವರದೇ ದನಿ, ಅದೇ ಹಸಿರು ಸೀರೆ: “ನಿಮ್ಮ ಕಾಳಜಿ ಕಂಡು ಮನಸ್ಸು ತುಂಬಿ ಬಂತು ಡಾಕ್ಟ್ರ. ಕೂಸಿನ ನಗಿನಽ ನಮ್ಮ ತುತ್ತಿನ ರುಚಿ. ಇನ್ನೊಂದು ತುತ್ತು ಉಣಿಸ್ರಿ, ಎಲ್ಲಾ ಚಲೋ ಆಗ್ತದ.”

ನೀಲಾಂಬಿಕಾ ಆ ವಿಡಿಯೋವನ್ನು ಎರಡು ಸಲ ನೋಡಿದರು. “ಇದು ಏಕವಾಣಿ ಮಾಡಿದ್ದು,” ಎಂದರು.

ಏಕವಾಣಿ ಬಂದದ್ದಕ್ಕೆ ಕಾರಣವಿತ್ತು. ಯಾರ ಮುಖವನ್ನಾದರೂ ಯಾರ ದನಿಯನ್ನಾದರೂ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಕಾಲದಲ್ಲಿ ನೀಲವ್ವನ ಮುಖ ಹೊತ್ತ ನಕಲಿ ವಿಡಿಯೋಗಳು ತೂಕ ಇಳಿಸುವ ಮಾತ್ರೆ ಮಾರಿದ್ದವು, ಗಂಡು ಮಗು ಹುಟ್ಟಿಸುವ ಲೇಹ್ಯವನ್ನೂ ಮಾರಿದ್ದವು. ಅಂಥ ಗತಿ ಎಲ್ಲ ವ್ಯಾಪಾರಗಳಿಗೂ ಬಂದಾಗ ಸೋಷಿಯಲ್ ಮೀಡಿಯಾ, ಫೋನು ಕಂಪನಿಗಳೆಲ್ಲ ಒಂದಾಗಿ ಈ ಏರ್ಪಾಡು ಮಾಡಿಕೊಂಡವು. ವ್ಯಾಪಾರದ ಒಡೆಯರು ಒಮ್ಮೆ ಯಂತ್ರದ ಮುಂದೆ ಕೂರಬೇಕು. ಅದು ಅವರ ಮುಖ, ದನಿ, ಮಾತಿನ ಧಾಟಿ, ಗಿರಾಕಿಗಳನ್ನು ಕರೆಯುವ ರೀತಿ, ಬಣ್ಣ, ಅಕ್ಷರದ ಆಕಾರ ಎಲ್ಲವನ್ನೂ ಹೀರಿಕೊಂಡು ಒಂದು ಮುದ್ರೆ ಮಾಡುತ್ತದೆ. ಆಮೇಲೆ ಆ ಹೆಸರಿನಲ್ಲಿ, ಆ ದನಿಯಲ್ಲಿ ಯಾವ ಜಾಲತಾಣಕ್ಕೆ, ಯಾವ ಫೋನಿಗೆ ಏನೇ ಹೋದರೂ ಮೊದಲು ಮುದ್ರೆಯ ಜೊತೆ ತಾಳೆಯಾಗಬೇಕು. ತಾಳೆಯಾದರೆ ಹೋಗುತ್ತದೆ. ತುಸು ಆಚೀಚೆಯಾದರೆ ದಾರಿಯಲ್ಲೇ ತಿದ್ದಿಕೊಳ್ಳುತ್ತದೆ. ತೀರ ಬೇರೆಯಾದರೆ ನಕಲಿ ಎಂದು ಕಣ್ಣು ಮಿಟುಕಿಸುವುದರೊಳಗೆ ಅಳಿಸಿಹೋಗುತ್ತದೆ. ಗಿರಾಕಿಗಳು ಬರೆದು ಕೇಳಿದ್ದಕ್ಕೆ ಯಂತ್ರವೇ ಆ ಮುಖ, ಆ ದನಿ ತೊಟ್ಟು ಉತ್ತರಿಸುತ್ತದೆ. ಪೊಟ್ಟಣದ ಮೇಲಿನ ಗುರುತೂ ಅದೇ ಮುದ್ರೆಗೆ ಸೇರಿದ್ದು. ಅಂಗಡಿಯಲ್ಲಿ ಪೊಟ್ಟಣ ಕೊಂಡ ಗಿರಾಕಿಯ ಫೋನು ಅದನ್ನು ಓದಿ ‘ಅಸಲಿ’ ಎನ್ನುತ್ತಿತ್ತು.

ನೀಲಾಂಬಿಕಾರಿಗೆ ಆಗ ಅದು ದೊಡ್ಡ ನೆಮ್ಮದಿ ತಂದಿತ್ತು. ಅದಕ್ಕೂ ಮೊದಲು ಕಂಪನಿಯ ಪ್ರಚಾರ ನೋಡಿಕೊಳ್ಳುವ ತಬಸ್ಸುಮ್ ಮುಲ್ಲಾ ಎಂಬ ಹುಡುಗಿ ಒಂದು ಕಡೆ ತಮಾಷೆಯಾಗಿ, ಇನ್ನೊಂದು ಕಡೆ ಗಂಭೀರವಾಗಿ, ಮತ್ತೊಂದು ಕಡೆ ಅರ್ಧ ಇಂಗ್ಲಿಷಿನಲ್ಲಿ ಬರೆದು ಸುಸ್ತಾಗುತ್ತಿದ್ದಳು. ‘ನಿಮ್ಮ ಕಂಪನಿ ಒಂದೊಂದು ಕಡಿ ಒಂದೊಂದು ಥರಾ ಮಾತಾಡ್ತದಲ್ರಿ’ ಎಂದು ಏಜೆಂಟರು ನಗುತ್ತಿದ್ದರು. ಏಕವಾಣಿ ಬಂದ ಮೇಲೆ ನೀಲವ್ವ ಎಲ್ಲೆಲ್ಲೂ ಒಬ್ಬಳೇ ಆದಳು. ಅವಳು ಎಂದೂ ದಣಿಯಲಿಲ್ಲ, ಎಂದೂ ಕೆಮ್ಮಲಿಲ್ಲ. ಸಾವಿರಾರು ತಾಯಂದಿರಿಗೆ ಒಂದೇ ಸಲಕ್ಕೆ ಸಮಾಧಾನ ಹೇಳುತ್ತಿದ್ದಳು. ಮುದ್ರೆ ಮಾಡಿಸುವಾಗ ಭಯ, ರೋಗ, ವಿಷ ಎಂಬ ಮಾತು ನೀಲವ್ವನ ಬಾಯಲ್ಲಿ ಬರಬಾರದು ಎಂದು ಎಲ್ಲರೂ ಒಪ್ಪಿದ್ದರು. ಕೂಸಿನ ಹಿಟ್ಟು ಮಾರುವವಳು ಮತ್ತೇನು ಹೇಳಬೇಕು?

ಕಾರ್ಖಾನೆಯ ಹಿಂಬದಿಯ ಪುಟ್ಟ ಲ್ಯಾಬಿನಲ್ಲಿ ಡಾಕ್ಟರು, ನೀಲಾಂಬಿಕಾ, ತಬಸ್ಸುಮ್ ಮೂವರೂ ಸೇರಿ ಆ ಪೊಟ್ಟಣಗಳಿಗೆ ಬಳಸಿದ ಸಜ್ಜೆಯ ಉಳಿಕೆ ಚೀಲ ಬಿಚ್ಚಿದರು. ಡಾಕ್ಟರು ಬಿಳಿ ತಟ್ಟೆಯಲ್ಲಿ ಕಾಳು ಹರಡಿ ಭೂತಗನ್ನಡಿ ಹಿಡಿದರು. ಬೂದು ಬಣ್ಣದ ದುಂಡು ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಚಪ್ಪಟೆ ಕಂದು ಬೀಜ, ಕಿವಿಯ ಆಕಾರದ್ದು.

“ಮದಗುಣಕಿ,” ಎಂದರು ನೀಲಾಂಬಿಕಾ. ಹೊಲದ ಬದುವಿನಲ್ಲಿ ಬೆಳೆಯುವ ಆ ದತ್ತೂರಿ ಗಿಡವನ್ನು ಗುರುತಿಸದವರು ಯಾರು? ಅದರ ಬೀಜ ದೊಡ್ಡವರಿಗೇ ಬುದ್ಧಿಭ್ರಮೆ ತರುತ್ತದೆ.

ಅಂಥ ಬೀಜ ಆರಿಸಿ ಬಿಸಾಡಲೆಂದೇ ಕಾರ್ಖಾನೆಯಲ್ಲಿ ಕ್ಯಾಮೆರಾ ಇದ್ದ ಯಂತ್ರವಿತ್ತು. ನೀಲಾಂಬಿಕಾ ಓಡಿಹೋಗಿ ಅದರ ಮುಚ್ಚಳ ತೆಗೆಸಿದರು. ಒಂದು ಕ್ಯಾಮೆರಾದ ಗಾಜಿನ ಮೇಲೆ ಹಿಟ್ಟಿನ ಧೂಳು ಗಟ್ಟಿಯಾಗಿ ಮೆತ್ತಿತ್ತು. ಆ ಬದಿಯಿಂದ ಜಾರಿದ ಕಾಳೆಲ್ಲ ಯಾರೂ ನೋಡದೆ ಹುರಿದು, ಬೀಸಿ, ಪೊಟ್ಟಣ ಸೇರಿತ್ತು. ಆ ಸರಕು ಬಾಗಲಕೋಟೆ, ಕೊಪ್ಪಳ, ಕಲಬುರಗಿ ಕಡೆಗೆ ಹೋಗಿ ವಾರವಾಗಿತ್ತು.

“ಆರೋಗ್ಯ ಇಲಾಖೆಗೆ ನಾ ತಿಳಿಸೀನಿ,” ಎಂದರು ಡಾಕ್ಟರು. “ಪರೀಕ್ಷಾ ವರದಿ ಬಂದ ಮ್ಯಾಲೆ ಆದೇಶ ಹೊರಡಸ್ತೀವಿ ಅಂದಾರ. ಅಲ್ಲೀತನಕಾ ತಾಯಂದ್ರು ಉಣಿಸ್ತಾನಽ ಇರ್ತಾರ. ನೀವು ಹೇಳಬೇಕು. ಈಗಽ.”

ಅವರು ಆಸ್ಪತ್ರೆಗೆ ಮರಳಿದರು. ತಬಸ್ಸುಮ್ ಫೋನನ್ನು ಹಿಡಿದಳು, ನೀಲಾಂಬಿಕಾ ಅದರ ಮುಂದೆ ನಿಂತು ಹೇಳಿದರು: ಈ ಗುರುತಿನ ಹಿಟ್ಟು ಕೂಸಿಗೆ ಕೊಡಬೇಡಿ, ಇದರಲ್ಲಿ ವಿಷದ ಬೀಜ ಸೇರಿದೆ. ವಿಡಿಯೋ ಹೋಯಿತು. ಪರದೆಯ ಮೇಲೆ ಕಾಣಿಸಿದ ಕೂಡಲೇ ಮಾಯವಾಯಿತು. ಅದರ ಜಾಗದಲ್ಲಿ ‘ನೀಲವ್ವನ ಹೆಸರಿನ ನಕಲಿ ವಿಡಿಯೋವೊಂದನ್ನು ತೆಗೆಯಲಾಗಿದೆ’ ಎಂಬ ಸಾಲು ಬಂತು. ಇನ್ನೊಂದು ಜಾಲತಾಣದಲ್ಲೂ ಹಾಗೆಯೇ ಆಯಿತು. ಮೆಲ್ಲಗೆ ಹೇಳಿದರು, ನಗುತ್ತ ಹೇಳಿದರು, ವಿಷ ಎಂಬ ಮಾತು ಬಿಟ್ಟು ಹೇಳಿದರು. ನಗುತ್ತ ಹೇಳಿದ್ದು ಮಾತ್ರ ಉಳಿಯಿತು. ಆದರೆ ಅದನ್ನು ಒತ್ತಿ ಕೇಳಿದಾಗ ಪರದೆಯ ನೀಲವ್ವ, “ಈ ಗುರುತಿನ ಹಿಟ್ಟು ಕೂಸಿಗೆ ಕೊಡ್ರಿ,” ಎನ್ನುತ್ತಿದ್ದಳು.

ತಬಸ್ಸುಮ್ ತನ್ನ ಸ್ವಂತ ಖಾತೆಯಲ್ಲಿ ಬರೆದಳು. ಮುದ್ರೆಯುಳ್ಳ ಕಂಪನಿಯ ಮೇಲೆ ಅಪಪ್ರಚಾರ ಎಂದು ಅವಳ ಖಾತೆಯೇ ಮುಚ್ಚಿಹೋಯಿತು. ಬಾಗಲಕೋಟೆಯ ಏಜೆಂಟರಾದ ಗುಳೇದ ಅವರಿಗೆ ಅವಳು ಫೋನು ಮಾಡಿದಾಗ ಅವರು ತಾಳ್ಮೆಯಿಂದ ಕೇಳಿಸಿಕೊಂಡು, ತಡಿಯಮ್ಮ ಎಂದು ನೀಲವ್ವನ ಖಾತೆಗೆ ಬರೆದು ಕೇಳಿದರು. “ಅಕ್ಕಾರಽ ಈಗ ಹೇಳಿದ್ರಲ್ಲವಾ, ಯಾರೋ ಸುಳ್ಳು ಸುದ್ದಿ ಹಬ್ಬಸ್ಯಾರ, ಧೈರ್ಯದಿಂದ ಮಾರ್ರಿ ಅಂತ. ನೀ ಯಾರು ಮತ್ತ?” ಎಂದು ಫೋನು ಇಟ್ಟರು.

ಆಗ ನೀಲಾಂಬಿಕಾರಿಗೆ ಮಗಳ ನೆನಪಾಯಿತು. ವಚನಾ ಇದ್ದದ್ದು ಕಲಬುರಗಿಯಲ್ಲಿ. ಅವಳ ಕೂಸಿಗೆ ಎಂಟು ತಿಂಗಳು. ಅಜ್ಜಿಯ ಹಿಟ್ಟಲ್ಲದೆ ಬೇರೆ ಹಿಟ್ಟು ಆ ಮನೆಗೆ ಬಂದೇ ಇರಲಿಲ್ಲ. ನೀಲಾಂಬಿಕಾ ಕೂಡಲೇ ಕರೆ ಮಾಡಿದರು.

“ವಚನಾ, ತುತ್ತು ಉಣಿಸಬ್ಯಾಡವಾ. ಅದರಾಗ ಮದಗುಣಕಿ ಬೀಜ ಕೂಡ್ಯಾವ. ಮನ್ಯಾಗಿದ್ದದ್ದು ಚೆಲ್ಲಿಬಿಡು.”

“ಹೂಂ ಅವ್ವಾ,” ಎಂದಳು ವಚನಾ ನಗುತ್ತ. “ನೀ ಹೇಳೂದಽ ಬ್ಯಾಡ. ಈಗಽ ಬೆಲ್ಲಾ ಹಾಕಿ ಕಲಸೀನಿ. ಉಣಿಸಿ ಮಲಗಸ್ತೀನಿ.”

ನೀಲಾಂಬಿಕಾ ಮತ್ತೆ ಹೇಳಿದರು, ಕೂಗಿ ಹೇಳಿದರು. ಆ ಕಡೆಯಿಂದ ಮಗಳು, “ಎಷ್ಟ್ ಸಮಾಧಾನದಿಂದ ಮಾತಾಡ್ತೀಯವ್ವಾ ಇತ್ತಿತ್ಲಾಗ,” ಎಂದಳು.

ತಬಸ್ಸುಮ್ ಅವರ ಕೈಯಿಂದ ಫೋನು ಕಿತ್ತುಕೊಂಡು ಕರೆ ಕಡಿದು, ತನ್ನ ಫೋನಿನಿಂದ ವಚನಾಳಿಗೆ ಕರೆ ಮಾಡಿದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. “ಕೂಸಿನ ಬಾಯಾಗಿಂದ ಚಮಚಾ ತಗಿ. ಆಮ್ಯಾಲ ಕೇಳು,” ಎಂದಳು. ಆ ಕಡೆ ಬಟ್ಟಲು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ವಚನಾ ಅಳುವುದು ಕೇಳಿಸಿತು. ಆ ಪೊಟ್ಟಣ ಆಗಷ್ಟೇ ಒಡೆದದ್ದು, ಕೂಸು ಇನ್ನೂ ತಿಂದಿರಲಿಲ್ಲ.

ನೀಲಾಂಬಿಕಾ ಹಿಟ್ಟಿನ ಚೀಲದ ಮೇಲೆ ಕುಳಿತರು. ತಮ್ಮ ಕೆಮ್ಮನ್ನು, ಗಂಟಲಿನ ಗೊಗ್ಗರನ್ನು ಏಕವಾಣಿ ಕರೆಗಳಲ್ಲೂ ತೆಗೆದುಹಾಕುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಮಾತನ್ನೇ ತೆಗೆದು ಬೇರೆ ಮಾತು ಇಡುತ್ತದೆ ಎಂಬುದು ಗೊತ್ತಿರಲಿಲ್ಲ. ವಚನಾಳಿಗೆ ತಬಸ್ಸುಮ್ ಇದ್ದಳು. ಉಳಿದ ತಾಯಂದಿರಿಗೆ ಇದ್ದದ್ದು ನೀಲವ್ವ ಮಾತ್ರ.

ಏಕವಾಣಿಯ ನಿಯಂತ್ರಣ ಕೊಠಡಿ ಇದ್ದದ್ದು ಧಾರವಾಡದ ಹೊರವಲಯದಲ್ಲಿ. ಅಲ್ಲಿಗೆ ಹೋಗುವ ಮೊದಲು ಗೋಕುಲ ರಸ್ತೆಯ ತಮ್ಮ ಮನೆಯ ಮುಂದೆ ಕಾರು ನಿಲ್ಲಿಸಬೇಕಾಯಿತು. ಮುದ್ರೆಗೆ ಇಬ್ಬರು ಒಡೆಯರು, ಗಂಡ ಮಹಾಂತೇಶ ಇನ್ನೊಬ್ಬರು; ಅದನ್ನು ಹಿಂದಿರುಗಿಸಬೇಕೆಂದರೆ ಇಬ್ಬರೂ ಬೇಕು. ಅವರು ಊಟ ಮುಗಿಸಿ ಅಡಿಗೆಮನೆಯಲ್ಲಿ ಅನ್ನದ ಪಾತ್ರೆ ತೊಳೆಯುತ್ತಿದ್ದರು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ನಲ್ಲಿ ನಿಲ್ಲಿಸಿದರು.

“ಮುದ್ರಿ ಹೊಳ್ಳಿ ಕೊಟ್ರ ಮತ್ತ ನಕಲಿ ಮಂದಿ ಮುತ್ತಿಕೊಳ್ತಾರ ನೀಲಾ. ನಿನ್ನ ಮಾರಿ ಹಾದಿ ಬೀದ್ಯಾಗ ಮಾರ್ಯಾರ ಅವ್ರು, ಮರತಿಯೇನು? ಇಲಾಖೆ ಆದೇಶ ಬರತನಕಾ ತಡಿ. ಒಂದೆರಡ ದಿನಾ.”

“ವಚನಾ ತುತ್ತು ಕಲಸಿಟ್ಟಿದ್ಲುರೀ.”

“ಏನಂದಿ?”

“ನಾನಽ ಉಣಸು ಅಂದೆ ಆಕೀಗೆ. ನನ್ನ ದನೀಲೆ. ನಾ ಬ್ಯಾಡಂತಂದ್ರ ಆಕೀಗೆ ಉಣಸು ಅಂತ ಕೇಳಿಸ್ತು.”

ಮಹಾಂತೇಶ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಬಾಗಿಲಿಗೆ ಬೀಗವನ್ನೂ ಹಾಕದೆ ಬಂದು ಕಾರಿನ ಹಿಂದೆ ಕುಳಿತರು.

ನಿಯಂತ್ರಣ ಕೊಠಡಿ ತಣ್ಣಗೆ, ಸದ್ದಿಲ್ಲದೆ ಇತ್ತು. ಗೋಡೆಯ ತುಂಬ ಪರದೆಗಳು. ಅಲ್ಲಿ ಬಟ್ಟೆ ಅಂಗಡಿಗಳು, ಖಾನಾವಳಿಗಳು, ಟ್ಯುಟೋರಿಯಲ್‌ಗಳು ತಂತಮ್ಮ ಬಣ್ಣದಲ್ಲಿ ಹರಿಯುತ್ತಿದ್ದವು. ಹಸಿರು ಗೆರೆ ಎಂದರೆ ತಾಳೆಯಾದದ್ದು, ಕೆಂಪು ಎಂದರೆ ಅಳಿಸಿದ್ದು. ಪಾಳಿಯಲ್ಲಿದ್ದ ಎಂಜಿನಿಯರ್ ಪ್ರಹ್ಲಾದ ಇನಾಮದಾರ ಒಳ್ಳೆಯ ಮನುಷ್ಯ. ಎಲ್ಲವನ್ನೂ ಕೇಳಿ, ಸಜ್ಜೆಯ ತಟ್ಟೆಯ ಫೋಟೋ ನೋಡಿ, ನೀಲವ್ವನ ಗೆರೆಯನ್ನು ದೊಡ್ಡ ಪರದೆಗೆ ತಂದರು. ಆ ಮಧ್ಯಾಹ್ನದ ಕೆಂಪು ಚುಕ್ಕೆಗಳೆಲ್ಲ ಅಲ್ಲಿದ್ದವು, ನೀಲಾಂಬಿಕಾರ ಒಂದೊಂದು ಕೂಗೂ. ಅದರ ಕೆಳಗೆ ಹಸಿರು ಗೆರೆ ದಟ್ಟವಾಗಿ ಹರಿಯುತ್ತಿತ್ತು. ಕೂಸು ಯಾಕೋ ಮಂಕಾಗಿದೆ ಅಕ್ಕಾ ಎಂದು ಬರೆದ ಹೆಣ್ಣುಮಕ್ಕಳಿಗೆ ನೀಲವ್ವ ಉತ್ತರಿಸುತ್ತಲೇ ಇದ್ದಳು.

“ಮೊದ್ಲ ಇದನ್ನ ನಿಲ್ಲಸ್ರಿ,” ಎಂದರು ನೀಲಾಂಬಿಕಾ.

“ನನ್ನ ಕೈಯಾಗಿಲ್ರಿ. ಮುದ್ರಿ ತಿದ್ದಬೇಕಂದ್ರ, ತಗೀಬೇಕಂದ್ರ ಎಲ್ಲಾ ಕಂಪನಿಗಳ ಸಮಿತಿ ಕೂಡಬೇಕು. ಮೂರ್ ದಿನಾ ಆಗ್ತದ. ಒಬ್ಬ ಎಂಜಿನಿಯರ್ ತನ್ನ ಮನಸಿಗೆ ಬಂದಂಗ ತಿದ್ದೂ ಹಂಗಿದ್ರ ನಕಲಿಯವ್ರು ನನಗಽ ಲಂಚ ಕೊಡ್ತಿದ್ರಲ್ರಿ. ಅದಕ್ಕ ಹಿಂಗ ಕಟ್ಯಾರ.”

“ಯಂತ್ರಕ್ಕ ಅರ್ಥ ಆಗೂದಿಲ್ಲೇನು, ಕೂಸು ಸಾಯ್ತಾವಂತ?” ಎಂದರು ಮಹಾಂತೇಶ.

“ಅದಕ್ಕ ಸಾವು ಗೊತ್ತಿಲ್ರಿ. ನೀಲವ್ವ ಹೆಂಗ ಮಾತಾಡ್ತಾಳ ಅನ್ನೂದಷ್ಟಽ ಗೊತ್ತು.” ಇನಾಮದಾರ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಸಮಿತಿ ಕೂಡದಿದ್ರೂ ಯಂತ್ರ ತಾನಽ ತಕ್ಷಣ ಮಾಡೂದು ಒಂದಽ ಕೆಲಸ ಅದ. ಇಡೀ ಮುದ್ರಿನಽ ನಕಲಿ ಅಂತ ಸಾಬೀತಾದ್ರ ಆ ಹೆಸರಿನ್ಯಾಗಿದ್ದದ್ದೆಲ್ಲಾ ಎಲ್ಲಾ ಕಡೆ ಅಳಸ್ತದ. ಪೊಟ್ಟಣದ ಮ್ಯಾಲಿನ ಗುರುತು ಓದಿದ್ದ, ಆ ವಿಡಿಯೋ ನೋಡಿದ್ದ ಪ್ರತಿ ಫೋನಿಗೂ ಎಚ್ಚರಿಕೆ ಹೋಗ್ತದ: ಇದು ನಕಲಿ ಸರಕು, ಬಳಸಬ್ಯಾಡ್ರಿ, ಚೆಲ್ರಿ ಅಂತ.”

“ಸಾಬೀತು ಮಾಡೂದು ಹೆಂಗ?”

“ನೀವು ಯಂತ್ರದ ಮುಂದ ನಿಂತು, ಆ ಮಾರಿ ನಂದಲ್ಲ, ಆ ದನಿ ನಂದಲ್ಲ, ಯಾರೋ ನನ್ನ ಹೆಸರ್ಲೆ ಮುದ್ರಿ ಮಾಡ್ಸ್ಯಾರ ಅಂತ ಪ್ರಮಾಣ ಮಾಡಬೇಕು. ಇಬ್ಬರೂ ಹೆಬ್ಬೆಟ್ಟು ಒತ್ತಬೇಕು. ಆದ್ರ ಅದು ಸುಳ್ಳು ಪ್ರಮಾಣ ಆಗ್ತದ್ರಿ, ಕೇಸಾಗ್ತದ. ಮತ್ತ ಒಮ್ಮೆ ನಕಲಿ ಅಂತ ಬರಕೊಂಡ ದನೀನ ಯಾವ ಫೋನೂ ಮುಂದ ಒಯ್ಯೂದಿಲ್ಲ. ನಿಮ್ಮ ಮಗಳ ಕೂಡ ಸೈತ ಮಾತಾಡಾಕ ಬರೂದಿಲ್ಲ. ಅದನ್ನ ಹೊಳ್ಳಿಸಾಕ ಆಗೂದಿಲ್ರಿ.”

ತಬಸ್ಸುಮ್ ಅವರ ತೋಳು ಹಿಡಿದಳು. “ಅಕ್ಕಾರ, ಇನ್ನೊಂದು ಹಾದಿ ಹುಡುಕೂಣ್ರಿ.”

ಪರದೆಯ ಮೇಲೆ ಹಸಿರು ಗೆರೆ ಹರಿಯುತ್ತಲೇ ಇತ್ತು. ಇನ್ನೊಂದು ತುತ್ತು ಉಣಿಸ್ರಿ. ಇನ್ನೊಂದು ತುತ್ತು ಉಣಿಸ್ರಿ.

ನೀಲಾಂಬಿಕಾ ಯಂತ್ರದ ಮುಂದೆ ಹೋಗಿ ನಿಂತರು. ಅದು ಅವರ ಮುಖದ ಮೇಲೆ ಬೆಳಕು ಬೀರಿತು. ಒಂದು ಬದಿಯಲ್ಲಿ ಮುದ್ರೆಯ ಮುಖ, ಇನ್ನೊಂದು ಬದಿಯಲ್ಲಿ ಹಿಟ್ಟು ಮೆತ್ತಿದ, ಕಣ್ಣು ಕೆಂಪಾದ ಈಗಿನ ಮುಖ. ‘ಈ ಮುಖ, ಈ ದನಿ ನಿಮ್ಮದೇ?’ ಎಂದು ಯಂತ್ರ ಕೇಳಿತು. ಕೇಳಿದ್ದು ನೀಲವ್ವನ ದನಿಯಲ್ಲೇ.

ಆ ದನಿಯನ್ನು ಅವರು ಕಟ್ಟಿದ್ದು ಮನೆಮನೆಯ ಜಗಲಿಯ ಮೇಲೆ ಕುಳಿತು. ಹೆರಿಗೆಯಾದ ಹೆಣ್ಣುಮಕ್ಕಳ ಮಗ್ಗುಲಲ್ಲಿ ಕುಳಿತು, ಒಂದೊಂದೇ ಚಮಚ ಉಣಿಸಿ ತೋರಿಸಿ ಗಳಿಸಿದ ನಂಬಿಕೆ ಅದರಲ್ಲಿತ್ತು. ಅವರು ಮುದ್ರೆಯ ಮುಖವನ್ನು ನೇರವಾಗಿ ನೋಡಿದರು.

“ಅಲ್ಲ,” ಎಂದರು.

ಮಹಾಂತೇಶ ಮುಂದೆ ಬಂದು ಹೆಬ್ಬೆಟ್ಟು ಒತ್ತಿದರು. ಅವರ ಪಕ್ಕದಲ್ಲಿ ಇವರೂ ಒತ್ತಿದರು.

ಹಸಿರು ಗೆರೆ ನಡುವಿನಲ್ಲೇ ನಿಂತುಹೋಯಿತು. ತಬಸ್ಸುಮಳ ಚೀಲದಲ್ಲಿದ್ದ ಫೋನು ಕರ್ಕಶವಾಗಿ ಕಿರುಚಿತು, ಇನಾಮದಾರರ ಫೋನೂ ಕಿರುಚಿತು, ಪಕ್ಕದ ಕೋಣೆಯಲ್ಲಿ ಯಾರದೋ ಫೋನು. ನಕಲಿ ಸರಕು, ಬಳಸಬೇಡಿ. ಆ ಗಳಿಗೆಯಲ್ಲಿ ಎಷ್ಟೋ ಊರುಗಳ ಎಷ್ಟೋ ಅಡಿಗೆಮನೆಗಳಲ್ಲಿ ಹಾಗೇ ಕಿರುಚುತ್ತಿರಬೇಕು ಎಂದುಕೊಂಡು ನೀಲಾಂಬಿಕಾ ನಿಂತಲ್ಲೇ ನಿಂತು ಆ ಸದ್ದು ಕೇಳಿದರು.

ಮರುದಿನದಿಂದ ಅಂಗಡಿಯವರು ಪೊಟ್ಟಣಗಳನ್ನು ಬೀದಿಗೆಸೆದರು. ನೀಲವ್ವ ಎಂಬವಳು ಇರಲೇ ಇಲ್ಲವಂತೆ, ಅದೆಲ್ಲ ಮೋಸವಂತೆ ಎಂದು ಜನ ಬರೆದರು. ಅದನ್ನು ಯಾರೂ ಅಳಿಸಲಿಲ್ಲ. ಕಾರ್ಖಾನೆಗೆ ಸರಕಾರದ ಬೀಗ ಬಿತ್ತು. ಕಣ್ಣಿಲ್ಲದ ಯಂತ್ರದಲ್ಲಿ ಕಾಳು ಬೀಸಿದ್ದಕ್ಕೊಂದು, ಸುಳ್ಳು ಪ್ರಮಾಣಕ್ಕೊಂದು, ಎರಡು ಕೇಸುಗಳಾದವು. ನೀಲಾಂಬಿಕಾ ಯಾವುದನ್ನೂ ಅಲ್ಲಗಳೆಯಲಿಲ್ಲ. ಫೋನಿನಲ್ಲಿ ಅವರು ಮಾತಾಡಿದರೆ ಆ ಕಡೆ ಬರಿಯ ಮೌನ. ವಚನಾ ಕೂಸನ್ನೆತ್ತಿಕೊಂಡು ರೈಲು ಹತ್ತಿ ತವರಿಗೆ ಬಂದಳು, ಅವ್ವನ ಮುಂದೆ ಕುಳಿತು ಮಾತಾಡಿದಳು.

ಡಾಕ್ಟರ್ ಕಟ್ಟಿಯವರ ಆಸ್ಪತ್ರೆಯ ಮೂರು ಕೂಸುಗಳೂ ಚೇತರಿಸಿಕೊಂಡವು. ಬೇರೆ ಊರುಗಳಿಂದಲೂ ಗುಣವಾದ ಸುದ್ದಿ ಬಂತು. ಹುನಗುಂದದ ಹತ್ತಿರದ ಹಳ್ಳಿಯೊಂದರ ಹತ್ತು ತಿಂಗಳ ಹೆಣ್ಣುಕೂಸು ಮಾತ್ರ ಎಚ್ಚರಿಕೆ ಹೋಗುವ ಮುನ್ನವೇ, ಅದೇ ಮಧ್ಯಾಹ್ನ ತೀರಿಕೊಂಡಿತ್ತು.

ನೀಲಾಂಬಿಕಾ ಬಸ್ಸು ಹಿಡಿದು ಅಲ್ಲಿಗೆ ಒಬ್ಬರೇ ಹೋದರು. ಗಂಡ ಬರುತ್ತೇನೆಂದರೂ ಬೇಡವೆಂದರು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಿಸಿಲೇರಿದ ಹೊತ್ತು, ಗಂಡಸರು ಹೊಲಕ್ಕೆ ಹೋಗಿದ್ದರು. ಕೂಸಿನ ತಾಯಿ ರೇಣವ್ವ, ಇನ್ನೂ ಎಳೆಯ ಪ್ರಾಯದವಳು, ಒಳಗಿನ ಗೋಡೆಗೆ ಒರಗಿ ಕುಳಿತಿದ್ದಳು. ಯಾರೋ ಮಾತಾಡಿಸಲು ಬಂದ ಹಿರಿಯಳು ಎಂದುಕೊಂಡು ಚಾಪೆ ಸರಿಸಿದಳು.

“ಎಲ್ಲಿಂದ ಬಂದ್ರಿ ಎವ್ವಾ?”

“ಹುಬ್ಬಳ್ಳಿಯಿಂದ.” ನೀಲಾಂಬಿಕಾ ನೆಲದ ಮೇಲೇ ಕುಳಿತರು. “ನಾ ನೀಲಾಂಬಿಕಾ. ಆ ಹಿಟ್ಟು ಮಾಡಿದಾಕಿ.”

ರೇಣವ್ವ ಅವರ ಮುಖವನ್ನು ನೋಡಿದಳು. ಗುರುತು ಸಿಗಲಿಲ್ಲ. “ಅದು ನಕಲಿ ಅಂದ್ರು. ನೀಲವ್ವ ಅಂತ ಯಾರೂ ಇಲ್ಲಂದ್ರು.”

“ಸುಳ್ಳು ಅದು. ನಾ ಹೇಳಿದ ಸುಳ್ಳು. ಹಿಟ್ಟು ನಂದಽ. ನನ್ನ ಗಿರಣ್ಯಾಗಽ ಬೀಸಿದ್ದು.”

ಹೊರಗೆ ಯಾರದೋ ಆಡು ಕೂಗಿತು. ರೇಣವ್ವ ನೆಲ ನೋಡುತ್ತ ಹೇಳತೊಡಗಿದಳು. “ಮುಂಜಾನಿ ಕೂಸು ಹೆಂಗೆಂಗೋ ಮಾಡಾಕತ್ತಿತ್ತು. ಗಾಳ್ಯಾಗ ಏನೋ ಹಿಡದಂಗ ಕೈ ಆಡಸ್ತಿತ್ತು. ನನಗ ಹೆದರಿಕಿ ಆತು. ಅತ್ತಿಯಾರು ದವಾಖಾನಿಗೆ ಒಯ್ಯೂಣಂದ್ರು. ನಾನಽ ತಡೀರಿ, ನೀಲವ್ವಗ ಕೇಳ್ತೀನಿ ಅಂದೆ. ಕೇಳಿದೆ. ಹೆದರಬ್ಯಾಡ ತಂಗಿ, ಇನ್ನೊಂದು ತುತ್ತು ಉಣಸು ಅಂದ್ಲು. ಉಣಿಸಿದೆ.”

“ಆ ದನಿ ನಂದು,” ಎಂದರು ನೀಲಾಂಬಿಕಾ. “ಆ ಮಾತು ನಾ ಆಡಿದ್ದಲ್ಲ. ನನಗ ಗೊತ್ತಾದದ್ದು ಮಧ್ಯಾಹ್ನ, ಆಗಿಂದ ಬ್ಯಾಡಂತ ಒದರಾಕತ್ತಿದ್ದೆ. ಯಾರಿಗೂ ಕೇಳಸಲಿಲ್ಲ.”

ಬೈದಾಳು, ಹೊಡೆದಾಳು ಎಂದುಕೊಂಡೇ ಬಂದಿದ್ದರು. ಏನು ಮಾಡಿದರೂ ಸರಿ ಎಂದು ಕುಳಿತಿದ್ದರು. ರೇಣವ್ವ ಮೊಣಕಾಲೂರಿ ಸರಿದು ಹತ್ತಿರ ಬಂದಳು. ಅವರ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಳು. ಅವಳ ಕೈ ಸುಡುತ್ತಿತ್ತು.

“ಹಂಗಾರ ಹೇಳ್ರಿ,” ಎಂದಳು. “ಅವತ್ತು ನನಗ ಹೇಳಬೇಕಿತ್ತಲಾ, ಅದನ್ನ ಈಗ ಹೇಳ್ರಿ. ನಿಮ್ಮ ಬಾಯಿಲೆ ಒಮ್ಮೆ ಕೇಳ್ತೀನಿ.”

ನೀಲಾಂಬಿಕಾ ಬಾಯಿ ತೆರೆದರು. ಗಂಟಲು ಗೊಗ್ಗರಾಗಿತ್ತು, ಮಾತು ಒಡೆದು ಒಡೆದು ಬಂತು.

“ಉಣಸಬ್ಯಾಡ ತಂಗಿ,” ಎಂದರು. “ಉಣಸಬ್ಯಾಡ.”